ಬಾಬಾಟಿಯ ಗೋದಾಮಿನಲ್ಲಿ ಕಾಕಾ ಹಿಡಿ ಕಟ್ಟಿದ್ದು

ಹುಮನಾಬಾದ್

ಆಫ್ರಿಕಾಕ್ಕೆ ಹೋಗಿ ಬಂದೆ ಅಂದರೆ ನಮ್ಮ ಕಡೆ ಎಲ್ಲರೂ ಕೇಳುವುದು ಒಂದೇ, ಸಿಂಹ ನೋಡಿದಿರಾ ಅಂತ. ನೋಡಿಲ್ಲ. ಜಿರಾಫೆ ಒಂದು ಕಂಡಿತು, ಅದೂ ಬಸ್ಸಿನ ಕಿಟಕಿಯಿಂದ, ಕುತ್ತಿಗೆ ಮಾತ್ರ. ನಾನು ನೋಡಿ ಬಂದಿದ್ದು ತೊಗರಿ. ಹುಮನಾಬಾದಿನಿಂದ ಅಷ್ಟು ದೂರ ಹೋಗಿ ತೊಗರಿ ನೋಡಿ ಬಂದ ಹೆಂಗಸು ನಾನೊಬ್ಬಳೇ ಇರಬೇಕು. ಮೊನ್ನೆ ಇಲ್ಲಿ ಒಂದು ಹಳೆಯ ಫೋಟೊ ಹಾಕಿದ್ದೆನಲ್ಲ, ಮೂರು ಜನ ಚಳಿಗೆ ಮುದುಡಿ ನಿಂತದ್ದು, ಅದರ ಕೆಳಗೆ ಕೇಳಿದವರಿಗೆಲ್ಲ ಒಟ್ಟಿಗೆ ಉತ್ತರ ಇದು. ಉದ್ದ ಇದೆ. ಪುರಸೊತ್ತಿದ್ದವರು ಓದಿ.

ಇಸವಿ ಎರಡು ಸಾವಿರದ ನಾಲ್ಕೋ ಐದೋ. ಆಗ ನಾನು ಹುಮನಾಬಾದಿನ ಬೇಳೆ ಮಿಲ್ಲಿನವರ ಒಂದು ಚಿಕ್ಕ ಸಂಘದಲ್ಲಿ ಪತ್ರ ಬರೆಯುವ ಕೆಲಸದಲ್ಲಿದ್ದೆ. ಇಂಗ್ಲಿಷ್ ಪತ್ರ, ಫ್ಯಾಕ್ಸು, ಯಾರಾದರೂ ಬಂದರೆ ಚಹಾ ಹೇಳುವುದು, ಇಷ್ಟೇ. ಆ ವರ್ಷ ಮುಂಬೈಯ ದೊಡ್ಡ ವ್ಯಾಪಾರಿಗಳ ಒಂದು ಮಂಡಳಿ ಪೂರ್ವ ಆಫ್ರಿಕಾಕ್ಕೆ ನಿಯೋಗ ಒಯ್ಯುತ್ತಿತ್ತು. ಅಲ್ಲಿ ಕೆನ್ಯಾ, ಉಗಾಂಡಾ, ತಾಂಜಾನಿಯಾ ಮೂರೂ ಸೇರಿ ಒಂದು ಒಕ್ಕೂಟ ಮಾಡಿಕೊಂಡಿದ್ದವು. ಸುಂಕ, ಗಡಿ, ಮಾರುಕಟ್ಟೆ ಎಲ್ಲ ಒಂದೇ ಲೆಕ್ಕ ಆಗಬೇಕು ಅಂತ. ಆ ಒಕ್ಕೂಟದ ಅಧಿಕಾರಿಗಳ ಮುಂದೆ ಕೂತು, ನಿಮ್ಮ ಧಾನ್ಯ ನಮಗೆ ಹೀಗೆ ಕೊಡಿ, ನಿಮ್ಮಲ್ಲಿ ನಾವು ಹೀಗೆ ಬಂಡವಾಳ ಹಾಕುತ್ತೇವೆ ಎಂದು ಮನವಿ ಮಾಡುವುದು ನಿಯೋಗದ ಕೆಲಸ. ಜಿಲ್ಲೆಗಳಿಂದ ಒಬ್ಬಿಬ್ಬರು ಸಣ್ಣ ಮಿಲ್ಲಿನವರೂ ಇರಲಿ ಎಂದು ನಮಗೂ ಪತ್ರ ಬಂತು. ನಮ್ಮ ಕಾರ್ಯದರ್ಶಿಗೆ ಕಾಮಾಲೆ ಆಯಿತು. ಇಂಗ್ಲಿಷ್ ಓದುವವಳು ನಾನೊಬ್ಬಳೇ ಉಳಿದೆ.

ಹೊರಟವರು ಮೂವರು. ಒಬ್ಬರು ಚನ್ನಬಸಪ್ಪ ಕಾಕಾ, ಊರಿನ ಹಳೆಯ ದಾಲ್ ಮಿಲ್ಲಿನ ಮಾಲೀಕರು. ರಕ್ತಸಂಬಂಧ ಅಲ್ಲ, ಊರಿಗೆಲ್ಲ ಅವರು ಕಾಕಾ. ಅರವತ್ತು ದಾಟಿತ್ತು. ಇನ್ನೊಬ್ಬರು ಬಸವಕಲ್ಯಾಣದ ಅಡತ್ ವ್ಯಾಪಾರಿ ಮಾಣಿಕರಾವ್. ರೈತರ ಮಾಲು ಕೊಳ್ಳುವವರಿಗೆ ಕೊಡಿಸಿ ಕಮಿಷನ್ ತೆಗೆದುಕೊಳ್ಳುವ ಕೆಲಸ, ಆದ್ದರಿಂದ ಬಾಯಿ ಜೋರು. ಮೂರನೆಯವಳು ನಾನು.

ಕಾಕಾ ಯಾಕೆ ಹೊರಟರು ಅಂದರೆ, ನಮ್ಮ ಕಡೆ ಹೊಸ ತೊಗರಿ ಬರುವುದು ಎಳ್ಳಮಾಸಿ, ಅಂದರೆ ಸಂಕ್ರಾಂತಿಗೆ ಮುಂಚಿನ ಎಳ್ಳು ಅಮಾವಾಸ್ಯೆ ಹೊತ್ತಿಗೆ. ಶ್ರಾವಣ ಬರುವಷ್ಟರಲ್ಲಿ ಹಳೆಯದು ಮುಗಿದಿರುತ್ತದೆ. ನಡುವೆ ನಾಲ್ಕು ತಿಂಗಳು ಮಿಲ್ ಬಂದ್. ಬೇಳೆ ಆರಿಸುವ ಹನ್ನೊಂದು ಹೆಣ್ಣುಮಕ್ಕಳು ಆ ನಾಲ್ಕು ತಿಂಗಳು ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದರು. ಪ್ರತಿ ವರ್ಷ ಹೋದವರಲ್ಲಿ ಕೆಲವರು ವಾಪಸ್ ಬರುತ್ತಿರಲಿಲ್ಲ.

“ಹಿಂಗ ಇನ್ನೆರಡು ವರ್ಷ ಬಂದ್ ಬಿತ್ತಂದ್ರ ಕೈ ಬಲ್ಲವ್ರು ಒಬ್ರೂ ಉಳಿಯೂದಿಲ್ಲ ತಂಗಿ,” ಎಂದಿದ್ದರು ಕಾಕಾ. “ಬರೇ ಮಷಿನ್ ಇಟ್ಕೊಂಡು ನಾ ಏನ್ ಪೂಜಾ ಮಾಡ್ಲಿ?”

ತಾಂಜಾನಿಯಾದಲ್ಲಿ ತೊಗರಿ ಕಟಾವಾಗುವುದು ಸರಿಯಾಗಿ ನಮ್ಮ ಮಿಲ್ ಬಂದ್ ಬೀಳುವ ಹೊತ್ತಿಗೆ. ಆದರೆ ಅದೆಲ್ಲ ಹಡಗುಗಟ್ಟಲೆ ಕೊಳ್ಳುವ ದೊಡ್ಡವರ ಪಾಲು. ಸಣ್ಣ ಮಿಲ್ಲಿಗೆ ಸಣ್ಣ ಪ್ರಮಾಣದಲ್ಲೂ ಕೊಡುವ ದಾರಿ ಮಾಡಿ ಎಂದು ಒಕ್ಕೂಟದವರ ಮುಂದೆ ಹೇಳಬೇಕು. ಕಾಕಾನಿಗೆ ಮಾತಾಡಲು ಮೂರು ನಿಮಿಷ ಕೊಟ್ಟಿದ್ದರು. ಆ ಮೂರು ನಿಮಿಷಕ್ಕೆ ಅವರು ಸಮುದ್ರ ದಾಟುತ್ತಿದ್ದರು.

ನನ್ನ ಅಣ್ಣ ಘಾಟಬೋರಾಳದಲ್ಲಿ ಒಕ್ಕಲುತನ ಮಾಡುತ್ತಾನೆ. ಹೊರಡುವ ಹಿಂದಿನ ದಿನ ಬಂದು ಕೂತ.

“ನಮ್ಮ ತೊಗರಿ ಸಾಕಾಗ್ಲಿಲ್ಲೇನು ನಿಮ್ಮ ಕಾಕಾಗ? ಹೊರದೇಶದ್ದು ತಂದು ನಮ್ಮ ಹೊಟ್ಟಿ ಮ್ಯಾಲ ಹೊಡಿಯಾಕ ಹೊಂಟೀರಿ.”

“ಶ್ರಾವಣದಾಗ ನಿನ್ನ ತೊಗರಿ ಎಲ್ಲಿರ್ತದ, ತೋರ್ಸು.”

“ಇಟ್ಕೊಳ್ಳಾಕ ಜಾಗ ಇದ್ರ ಇರ್ತಿತ್ತು,” ಅಂದ. ಅದೂ ಸುಳ್ಳಲ್ಲ.

ನೈರೋಬಿ

ಮುಂಬೈಯಲ್ಲಿ ವಿಮಾನ ಹತ್ತುವ ಮುಂಚೆ ನಿಯೋಗದ ಮುಖ್ಯಸ್ಥರು ಎಲ್ಲರನ್ನೂ ನಿಲ್ಲಿಸಿಕೊಂಡು ಒಂದು ಮಾತು ಹೇಳಿದರು. ದೊಡ್ಡ ಆಮದು ವ್ಯಾಪಾರಿ ಅವರು, ನಾವು ಮೂವರೂ ಸಾಹೇಬರು ಅನ್ನುತ್ತಿದ್ದೆವು. ಈ ಪ್ರವಾಸದಲ್ಲಿ ಯಾರೂ ಸ್ವಂತ ವ್ಯಾಪಾರ ಕುದುರಿಸಬಾರದು. ನಾವು ಹೋಗುತ್ತಿರುವುದು ಎಲ್ಲರ ಪರವಾಗಿ ಮಾತಾಡಲು. ಕುದುರಿಸಿದವರಿಗೆ ಸಭೆಯಲ್ಲಿ ಮಾತಾಡುವ ಅವಕಾಶ ಇಲ್ಲ. ನ್ಯಾಯವಾದ ಮಾತೇ. ಕಾಕಾ ಎಲ್ಲರಿಗಿಂತ ಮುಂಚೆ ತಲೆ ಅಲ್ಲಾಡಿಸಿದರು.

ನೈರೋಬಿಯಲ್ಲಿ ಇಳಿದರೆ ಚಳಿ. ಆಫ್ರಿಕಾ ಅಂದರೆ ಬಿಸಿಲು ಎಂದುಕೊಂಡು ನಾವು ಮೂವರೂ ತೆಳ್ಳನೆಯ ಹತ್ತಿ ಬಟ್ಟೆ ತಂದಿದ್ದೆವು. ಆಗಸ್ಟ್ ಅಲ್ಲಿ ಚಳಿಗಾಲ ಎಂದು ನಮಗೆ ಯಾರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಅದರ ಮೇಲೆ ಮಾಣಿಕರಾವ್ ಅವರ ಚೀಲ ಬರಲೇ ಇಲ್ಲ. ಹೊಸದಾಗಿ ಹೊಲಿಸಿದ ಸೂಟು ಅದರಲ್ಲಿತ್ತು.

“ಅಕ್ಕೋರ, ಅವ್ರಿಗಿ ಇಂಗ್ಲಿಷ್‌ದಾಗ ಜರಾ ಬೈರಿ,” ಅಂದರು ನನಗೆ. ಬೈಯುವಷ್ಟು ಇಂಗ್ಲಿಷ್ ನನಗೆ ಬರುತ್ತಿರಲಿಲ್ಲ. ಫಾರ್ಮ್ ತುಂಬಿದೆ.

ಪೇಟೆಯಲ್ಲಿ ಹೊರದೇಶದ ಹಳೆಯ ಬಟ್ಟೆಗಳನ್ನು ಗುಡ್ಡೆ ಹಾಕಿ ಮಾರುತ್ತಾರೆ. ಮಾಣಿಕರಾವ್ ಅದರಲ್ಲಿ ಒಂದು ದಪ್ಪ ನೀಲಿ ಜಾಕೆಟ್ ಹುಡುಕಿದರು. ಬೆನ್ನ ಮೇಲೆ ಯಾವುದೋ ಶಾಲೆಯ ಹೆಸರು, ಅದರ ಕೆಳಗೆ ‘ಬಾಲಕಿಯರ ಹಾಕಿ ತಂಡ’ ಅಂತ ಇಂಗ್ಲಿಷಿನಲ್ಲಿ. ನಾನು ಓದಿ ಹೇಳಲಿಲ್ಲ. ಐದು ದಿನ ಅದನ್ನೇ ಹಾಕಿಕೊಂಡು ತಿರುಗಿದರು. ಫೋಟೊದಲ್ಲಿರುವುದು ಅದೇ.

ಅಲ್ಲಿಯ ಭಾಷೆ ಸ್ವಾಹಿಲಿ. ಬೆಂಗಳೂರಿನಿಂದ ಬಂದಿದ್ದ ಇಬ್ಬರು ಪುಸ್ತಕ ಹಿಡಿದು ಕಲಿಯುತ್ತಿದ್ದರು. ನಮಗೆ ಬೀದರ ಕಡೆಯವರಿಗೆ ಅರ್ಧ ಬಂದೇ ಇತ್ತು. ದವಾ ಅಂದರೆ ದವಾ, ಚಾಯ್ ಅಂದರೆ ಚಾಯ್, ಖಬರಿಗೆ ಹಬಾರಿ, ದುಕಾನಿಗೆ ದುಕಾ, ಸಾಬೂನಿಗೆ ಸಬೂನಿ. ನಿಜಾಮನ ಕಾಲದ ಉರ್ದು ಇಷ್ಟು ದೂರ ಕೆಲಸಕ್ಕೆ ಬರುತ್ತದೆ ಎಂದು ನನ್ನ ಶಾಲೆಯ ಮಾಸ್ತರರಿಗೆ ಗೊತ್ತಿದ್ದರೆ ನಮ್ಮ ಬಾಯಿಂದ ಅದನ್ನು ಬಿಡಿಸಲು ಅಷ್ಟು ಹೊಡೆಯುತ್ತಿರಲಿಲ್ಲ.

ನಮಾಂಗಾ ಗಡಿ

ನೈರೋಬಿಯಿಂದ ತಾಂಜಾನಿಯಾದ ಅರೂಷಾಕ್ಕೆ ಬಸ್ಸು. ನಡುವೆ ನಮಾಂಗಾ ಎಂಬಲ್ಲಿ ಗಡಿ. ಮೂರೂ ದೇಶ ಒಂದೇ ಮಾರುಕಟ್ಟೆ ಎಂದು ಸಾಹೇಬರ ಕಡತದಲ್ಲಿ ಬರೆದಿತ್ತು. ಗಡಿಯಲ್ಲಿ ಮೆಕ್ಕೆಜೋಳದ ಲಾರಿಗಳು ಸಾಲಾಗಿ ನಿಂತಿದ್ದವು, ಚಾಲಕರು ಲಾರಿಯ ಕೆಳಗೆ ಚಾಪೆ ಹಾಸಿ ಅಡುಗೆ ಮಾಡುತ್ತಿದ್ದರು. ಬಸವಕಲ್ಯಾಣ ದಾಟಿ ಮಹಾರಾಷ್ಟ್ರದ ಕಡೆ ಹೋಗುವಾಗ ಚೆಕ್‌ಪೋಸ್ಟಿನಲ್ಲಿ ಕಾಣುವುದೂ ಇದೇ. ಒಂದೇ ದೇಶದ ಎರಡು ರಾಜ್ಯಕ್ಕೇ ಹೀಗಿರುವಾಗ ಮೂರು ದೇಶದವರನ್ನು ದೂರಿ ಏನು ಪ್ರಯೋಜನ.

ಮಾಣಿಕರಾವ್ ಇಳಿದು ಒಬ್ಬ ಚಾಲಕನ ಪಕ್ಕ ಕುಕ್ಕರಗಾಲಲ್ಲಿ ಕೂತು ಲಾರಿಯಲ್ಲಿ ಏನಿದೆ, ಎಷ್ಟು ದಿನ ಆಯಿತು, ಯಾರಿಗೆ ಏನು ಕೊಡಬೇಕು ಎಂದೆಲ್ಲ ಕೈಸನ್ನೆಯಲ್ಲೇ ವಿಚಾರಿಸಿಕೊಂಡು ಬಂದರು.

“ನಮ್ಮಂಗ ಅದ ಬಿಡ್ರಿ,” ಅಂದರು ಸಮಾಧಾನದಿಂದ.

ಅಲ್ಲಿಯ ಜನ ಒಂದು ಮಾತು ಕೇಳುವ ಮುಂಚೆ ಹತ್ತು ಸಲ ಕ್ಷೇಮ ವಿಚಾರಿಸುತ್ತಾರೆ. ಮನೆ ಹೇಗಿದೆ, ಪ್ರಯಾಣ ಹೇಗಾಯಿತು, ಕೆಲಸ ಹೇಗಿದೆ. ಮುಂಬೈಯವರು ಗಡಿಯಾರ ನೋಡಿಕೊಳ್ಳುತ್ತಿದ್ದರು. ಕಾಕಾ ಒಂದೊಂದಕ್ಕೂ ನಿಂತು, ಕನ್ನಡದಲ್ಲೇ, ಪೂರ್ತಿ ಉತ್ತರ ಕೊಡುತ್ತಿದ್ದರು. ಚಿಕ್ಕವರು ಹಿರಿಯರನ್ನು ಕಂಡರೆ ‘ಶಿಕಮೋ’ ಎಂದು ನಮಸ್ಕರಿಸುವುದು ಅಲ್ಲಿಯ ರೂಢಿ. ಅದಕ್ಕೆ ಕಾಕಾ ಕೈ ಮುಗಿದು “ಶರಣಾರ್ಥಿ” ಅನ್ನುತ್ತಿದ್ದರು. ಇನ್ನೂ ಒಂದು, ಸ್ವಾಹಿಲಿಯಲ್ಲಿ ಕಾಕಾ ಅಂದರೆ ಅಣ್ಣ. ನಾವು ಕರೆಯುವುದು ಕೇಳಿ ಇಡೀ ಬಸ್ಸೇ ಅವರನ್ನು ಕಾಕಾ ಎಂದು ಕರೆಯತೊಡಗಿತು.

ಅರೂಷಾ

ಎದುರಿಗೆ ದೊಡ್ಡ ಬೆಟ್ಟ, ಸದಾ ಮೋಡ. ಸಭೆಗೆ ಇನ್ನೂ ಎರಡು ದಿನ ಇತ್ತು. ನಾನು ಬರೆದಿದ್ದ ಮನವಿ ಪತ್ರವನ್ನು ಹೋಟೆಲಿನ ಕೋಣೆಯಲ್ಲಿ ಕಾಕಾನಿಗೆ ಕನ್ನಡದಲ್ಲಿ ಓದಿ ಹೇಳಿದೆ. ಐದನೆಯ ಸಾಲಿನಲ್ಲಿ ‘ನಮ್ಮ ಸಣ್ಣ ಮಿಲ್ಲುಗಳಿಂದ ನಿರಂತರ ಬೇಡಿಕೆ ಇರುತ್ತದೆ’ ಎಂದಿತ್ತು.

“ನಿರಂತರ ಅಂದ್ರ?”

“ಪ್ರತಿ ವರ್ಷರಿ, ತಪ್ಪದಂಗ.”

“ಅದು ಸುಳ್ಳಲ್ಲ? ನಮ್ಮ ಕಡಿ ಬೆಳಿ ಚಲೋ ಆದ ವರ್ಷ ನಮಗ ಇವರದ್ಯಾಕ ಬೇಕು?”

“ಕಾಕಾ, ಮನವಿ ಅಂದ್ರ ಹಿಂಗೇ ಬರಿಯೂದು ಅಂತ ಸಾಹೇಬ್ರು ಹೇಳ್ಯಾರ್ರಿ.”

“ಹೇಳ್ಲಿ. ತಗದುಬಿಡು.”

ನಾನು ತೆಗೆಯಲಿಲ್ಲ. ಟೈಪು ಮಾಡಿ ಆಗಿತ್ತು, ಮತ್ತೆ ಮಾಡಿಸಲು ಬೇಜಾರು. ಇಷ್ಟೇ ಕಾರಣ.

ಮರುದಿನ ಬಾಬಾಟಿ ಕಡೆಯ ತೊಗರಿ ಹೊಲ ತೋರಿಸುತ್ತೇವೆ, ಬರುವವರು ಬರಬಹುದು ಎಂದರು. ಹೋದದ್ದು ನಾವು ಮೂವರೇ. ಉಳಿದವರು ಸಿಂಹ ನೋಡಲು ಹೋದರು. ವ್ಯಾನಿನ ಚಾಲಕ ಹನ್ನೆರಡಕ್ಕೆ ಬರುತ್ತೇನೆ ಎಂದಿದ್ದ. ಬೆಳಿಗ್ಗೆ ಆರಕ್ಕೆ ಬಂದು ಹಾರ್ನ್ ಹೊಡೆಯತೊಡಗಿದ. ಅಲ್ಲಿ ಗಂಟೆ ಎಣಿಸುವುದು ಸೂರ್ಯ ಹುಟ್ಟಿದಾಗಿನಿಂದ. ನಮ್ಮ ಏಳು ಗಂಟೆ ಅವರಿಗೆ ಒಂದು, ನಮ್ಮ ಆರು ಅವರಿಗೆ ಹನ್ನೆರಡು. ನಾನು ತಲೆ ಬಾಚದೆ ಓಡಿ ಬಂದೆ, ಮಾಣಿಕರಾವ್ ಹಾಕಿ ಜಾಕೆಟ್ಟಿನಲ್ಲೇ ಮಲಗಿದ್ದರಿಂದ ಹಾಗೇ ಬಂದರು. ಕಾಕಾ ಮಾತ್ರ ಸ್ನಾನ, ಲಿಂಗಪೂಜೆ ಮುಗಿಸಿ, ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು.

“ಹೊತ್ತು ಹುಟ್ಟಿದ ಮ್ಯಾಲ ಲೆಕ್ಕ ಸುರು ಮಾಡೂದು ಬರೋಬ್ಬರಿ ಅದ,” ಅಂದರು. “ನಡುರಾತ್ರ್ಯಾಗ ತಾರೀಖು ಬದಲ್ಸೂ ನಮ್ದೇ ಹುಚ್ಚು.”

ಬಾಬಾಟಿ

ದಾರಿ ಅರ್ಧ ಮಣ್ಣು. ನಮ್ಮ ಕಡೆ ಮುಡಬಿ ಹಳ್ಳಿಗೆ ಹೋಗುವ ಶೇರ್ ಆಟೋದಲ್ಲಿ ಕೂತ ಹಾಗೆಯೇ, ಆದರೆ ಐದು ಗಂಟೆ. ಮಣ್ಣು ಕೆಂಪು, ನಮ್ಮ ಹಾಗೆ ಕರಿ ಅಲ್ಲ. ತೊಗರಿ ನಮ್ಮದಕ್ಕಿಂತ ಎತ್ತರ, ಗಿಡವಲ್ಲ ಮರ. ನಾವು ಉದ್ದು, ಹೆಸರಿನ ಜೊತೆ ಬಿತ್ತುತ್ತೇವೆ, ಅವರು ಮೆಕ್ಕೆಜೋಳದ ಜೊತೆ. ನಮ್ಮಲ್ಲಿ ಆಗ ತೊಗರಿ ಮೊಣಕಾಲುದ್ದ, ಅಲ್ಲಿ ಕಟಾವು ನಡೆದಿತ್ತು. ಕಾಕಾ ಹೊಲದ ಬದುವಿನಲ್ಲಿ ಸುಮ್ಮನೆ ಹತ್ತು ನಿಮಿಷ ನಿಂತರು.

ಗೋದಾಮು ಹೆಣ್ಣುಮಕ್ಕಳ ಒಂದು ಸಹಕಾರಿ ಗುಂಪಿನದು. ಮುಖ್ಯಸ್ಥೆ ಐವತ್ತರ ಗಟ್ಟಿ ಹೆಂಗಸು. ಅಲ್ಲಿ ತಾಯಂದಿರನ್ನು ಹಿರಿಯ ಮಗುವಿನ ಹೆಸರು ಹಿಡಿದು ಕರೆಯುತ್ತಾರೆ, ಮಾಮಾ ಅಂದರೆ ಅಲ್ಲಿ ತಾಯಿ. ಇವರ ಮಗಳು ನೇಮಾ, ಹಾಗಾಗಿ ಮಾಮಾ ನೇಮಾ. ಚಿಕ್ಕವರಿದ್ದಾಗ ಗುಜರಾತಿಗಳ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡಿದ್ದರಂತೆ, ಮುರುಕು ಹಿಂದಿ ಬರುತ್ತಿತ್ತು. ಕಾಕಾನ ಹಿಂದಿಯೂ ಮುರುಕೇ. ಇಬ್ಬರಿಗೂ ಚೆನ್ನಾಗಿ ಹೊಂದಿತು, ನಾನು ಬೇಕಾಗಲಿಲ್ಲ. ಅವರ ಮಾತನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ನೀವು ಬೇಳೆ ಮಾಡೂದಿಲ್ಲ?” ಕಾಕಾ ಕೇಳಿದರು.

“ಹಸಿ ಕಾಯಿ ಬೇಯಿಸುತ್ತೇವೆ. ಒಣಗಿದ್ದೆಲ್ಲ ನಿಮಗೆ.”

“ದಿನಾ ಏನ್ ಉಣ್ತೀರಿ ಮತ್ತ?”

“ಮೆಕ್ಕೆಜೋಳದ ಹಿಟ್ಟಿನ ಮುದ್ದೆ.”

ಬೆಳೆದವರೇ ಬೇಳೆ ತಿನ್ನುವುದಿಲ್ಲ ಎಂಬುದು ಕಾಕಾನಿಗೆ ಒಗ್ಗಲಿಲ್ಲ. ಮುಖದಲ್ಲಿ ಕಾಣುತ್ತಿತ್ತು.

ಗೋದಾಮಿನ ಮೂಲೆಯಲ್ಲಿ ಒಂದು ರಾಶಿ, ಒಂದು ಕಂಟೇನರ್ ತುಂಬುವಷ್ಟು. ಕಾಕಾ ಅದರ ಮುಂದೆ ಕೂತರು. ಒಂದು ಕಾಳು ಬಾಯಿಗೆ ಹಾಕಿ ಹಲ್ಲಿನಲ್ಲಿ ಒಡೆದು ಸದ್ದು ಕೇಳಿದರು. ಅಂಗೈಯಲ್ಲಿ ಹರವಿ ಬೆಳಕಿಗೆ ಹಿಡಿದರು. ಇನ್ನೊಂದು ಹಿಡಿ ತೆಗೆದರು. ಆಮೇಲೆ ಹೆಗಲ ಮೇಲಿನ ಟವೆಲ್ ಇಳಿಸಿ, ಅದರ ತುದಿಯಲ್ಲಿ ಆ ಹಿಡಿ ಇಟ್ಟು, ಗಂಟು ಹಾಕಿ, ಟವೆಲ್ ಮತ್ತೆ ಹೆಗಲಿಗೆ ಹಾಕಿಕೊಂಡು ಎದ್ದರು.

ಮಾಣಿಕರಾವ್ ನನ್ನ ಕಡೆ ನೋಡಿದರು. ನಾನು ಅವರ ಕಡೆ.

ನಮ್ಮ ಪೇಟೆಯ ಹಳೆಯ ಮಂದಿಯ ಪದ್ಧತಿ ಅದು. ರಾಶಿ ನೋಡಿ ಮನಸ್ಸಿಗೆ ಬಂದರೆ ಒಂದು ಹಿಡಿ ಟವೆಲ್ಲಿಗೆ ಕಟ್ಟುತ್ತಾರೆ. ಕಟ್ಟಿದ ಮೇಲೆ ಆ ರಾಶಿಗೆ ಇನ್ನೊಬ್ಬರು ಕೈ ಹಾಕುವುದಿಲ್ಲ, ಕಟ್ಟಿದವನು ತೆಗೆದುಕೊಳ್ಳದೆ ಬಿಡುವ ಹಾಗಿಲ್ಲ. ಚೀಟಿ ಇಲ್ಲ, ಸಹಿ ಇಲ್ಲ. ಈಗ ಎಲ್ಲ ಹರಾಜು ಆಗಿದೆ, ಆದರೂ ಕಾಕಾನಂಥವರ ಕೈಗೆ ನಲವತ್ತು ವರ್ಷದ ಅಭ್ಯಾಸ.

ವ್ಯಾನು ಹೊರಟು ಸ್ವಲ್ಪ ದೂರ ಹೋದ ಮೇಲೆ ಮಾಣಿಕರಾವ್ ಬಾಯಿ ಬಿಟ್ಟರು.

“ಕಾಕಾ, ಹಿಡಿ ಕಟ್ಟೀರಲ್ರಿ.”

ಕಾಕಾ ಟವೆಲ್ ಹಿಡಿದು ನೋಡಿದರು. ಗಂಟು ಮುಟ್ಟಿ ನೋಡಿದರು. ಕಟ್ಟಿದ್ದು ಅವರಿಗೇ ಗೊತ್ತಿರಲಿಲ್ಲ ಎಂದು ನಮಗೆ ಆಗ ತಿಳಿಯಿತು.

“ಆಕಿಗೇನ್ ಗೊತ್ತ್ರೀ ಇದು? ಕಿಟಕ್ಯಾಗ ಒಗೀರಿ, ಮುಗೀತು,” ಅಂದರು ಮಾಣಿಕರಾವ್.

“ಆಕಿಗಿ ಗೊತ್ತಿಲ್ಲ. ನಿನಗ ಗೊತ್ತದಲ್ಲ. ನಾವು ಹುಮನಾಬಾದ್ ಮುಟ್ಟೂಕಿಂತ ಮೊದ್ಲು ನೀ ಫೋನ್ ಹಚ್ಚಿ ಇಡೀ ಪ್ಯಾಟಿಗಿ ಹೇಳಾಂವ.”

“ಆಣಿ ಮಾಡ್ತೀನ್ರಿ, ಹೇಳೂದಿಲ್ಲ.”

“ಹೇಳ್ಲಿಲ್ಲಂದ್ರೂ ಗೊತ್ತದಲ್ಲ,” ಎಂದು ಕಾಕಾ ಚಾಲಕನ ಭುಜ ತಟ್ಟಿದರು. ವ್ಯಾನು ತಿರುಗಿತು.

ಮಾಮಾ ನೇಮಾ ಗೋದಾಮಿನ ಬಾಗಿಲು ಹಾಕುತ್ತಿದ್ದರು. ಕಾಕಾ ಗಂಟು ತೋರಿಸಿ, ಅದರ ಅರ್ಥ ಹೇಳಿ, ಕೈ ತಪ್ಪಿ ಕಟ್ಟಿದೆ, ಇಲ್ಲಿ ನಮಗೆ ವ್ಯಾಪಾರ ಮಾಡುವ ಹುಕುಂ ಇಲ್ಲ, ಆದರೆ ಕಟ್ಟಿ ಆಗಿದೆ ಎಂದರು.

ಆ ಹೆಂಗಸು ನಗಲಿಲ್ಲ. ಬಾಗಿಲನ್ನು ಅರ್ಧಕ್ಕೇ ಬಿಟ್ಟು ಕೇಳಿದರು:

“ಕಟ್ಟಿ ಹೋಗಿ ಬರದೇ ಇದ್ದರೆ?”

“ಬರದಿದ್ರ ನಮ್ಮೂರಾಗ ನನ್ನ ಮುಂದ ಯಾರೂ ರಾಶಿ ಹಾಕೂದಿಲ್ಲ.”

“ಇಲ್ಲಿ ಬಂದವರೆಲ್ಲ ಕಾಗದ ಕೊಟ್ಟು ಹೋಗುತ್ತಾರೆ. ಒಬ್ಬರು ಒಂದು ವರ್ಷ ಬರುತ್ತಾರೆ, ಮರು ವರ್ಷ ನಾವು ಜಾಸ್ತಿ ಬಿತ್ತಿರುತ್ತೇವೆ, ಅವರ ಪತ್ತೆ ಇರುವುದಿಲ್ಲ. ಹೀಗೆ ಬಟ್ಟೆಯಲ್ಲಿ ಕಟ್ಟಿಕೊಂಡು ಹೋದವರು ನೀವೇ ಮೊದಲು.”

“ಬಿಡ್ಸಬೇಕಂದ್ರ ನೀವು ಬಿಚ್ಚಬೇಕು. ನಾ ಬಿಚ್ಚೂ ಹಂಗಿಲ್ಲ.”

ಅವರು ಟವೆಲ್ ಕೈಗೆ ತೆಗೆದುಕೊಂಡರು. ಗಂಟು ಎಷ್ಟು ಬಿಗಿ ಇದೆ ಎಂದು ಎಳೆದು ನೋಡಿದರು. ವಾಪಸ್ ಕಾಕಾನ ಹೆಗಲಿಗೆ ಹಾಕಿದರು. ಒಳಗೆ ಹೋಗಿ ಆ ರಾಶಿಯ ಮೇಲೆ ತಾಡಪತ್ರಿ ಎಳೆದು, ಗೋಡೆಯ ಮೇಲೆ ಇದ್ದಿಲಿನಲ್ಲಿ ದೊಡ್ಡದಾಗಿ KAKA ಎಂದು ಬರೆದರು.

ಅರೂಷಾ, ಸಭೆಯ ದಿನ

ಮಾಣಿಕರಾವ್ ಆಣೆ ಮುರಿಯಲಿಲ್ಲ. ಆದರೆ ಸಭೆಯ ಬೆಳಿಗ್ಗೆ ಸಾಹೇಬರ ಸಹಾಯಕ ಒಂದು ಹಾಳೆ ಹಿಡಿದು ಬಂದ. ಈ ಪ್ರವಾಸದಲ್ಲಿ ನಾನು ಯಾವ ವ್ಯಾಪಾರಕ್ಕೂ ಮಾತು ಕೊಟ್ಟಿಲ್ಲ ಎಂದು ಬರೆದಿತ್ತು. ಮಾತಾಡುವವರೆಲ್ಲ ಸಹಿ ಹಾಕಬೇಕು. ಓದಿ ಹೇಳು ಎಂದರು ಕಾಕಾ. ಓದಿ ಹೇಳಿದೆ.

“ಇದಕ್ಕ ನಾ ಸಹಿ ಮಾಡೂದಿಲ್ಲ.”

ಸಾಹೇಬರೇ ಬಂದರು. ಸಿಟ್ಟಿನ ಮನುಷ್ಯರಲ್ಲ. ವಿಷಯ ಕೇಳಿ ಅವರಿಗೆ ನಗು ಬಂತು. ಇದು ಒಪ್ಪಂದವೇ ಅಲ್ಲ ಕಾಕಾಜಿ, ಯಾವ ಕಾನೂನಿನಲ್ಲೂ ಇಲ್ಲ, ನಿಶ್ಚಿಂತೆಯಿಂದ ಸಹಿ ಹಾಕಿ ಎಂದು ಹಿಂದಿಯಲ್ಲಿ ಹೇಳಿದರು. ನಾನೂ ಹೇಳಿದೆ, ಒಪ್ಪಿಕೊಳ್ಳುತ್ತೇನೆ.

“ಕಾಕಾ, ಮೂರು ನಿಮಿಷಕ್ಕಾಗಿ ಇಷ್ಟು ದೂರ ಬಂದೀರಿ. ಹನ್ನೊಂದು ಮಂದಿ ಹೆಣ್ಮಕ್ಕಳ ಸಲುವಾಗಿ. ಒಂದು ಸಹಿಗಾಗಿ ಬಿಡ್ತೀರೇನ್ರಿ?”

“ಸಹಿ ಮಾಡಿ ಒಳಗ ಹೋಗಿ, ನಮ್ಮನ್ನ ನಂಬ್ರಿ ಅಂತ ಹೇಳ್ಲಿ?” ಅಂದರು. “ನೀ ಓದು. ನಿನ್ನ ಬರವಣಿಗಿ ಅದ. ನಾ ಹಿಂದ ಕೂಡ್ತೀನಿ.”

ನಾನು ಯಾರಿಗೂ ಮಾತು ಕೊಟ್ಟಿರಲಿಲ್ಲ, ಸಹಿ ಹಾಕಿದೆ. ಹಾಗೆ ಅವರ ಮೂರು ನಿಮಿಷ ನನ್ನ ಪಾಲಿಗೆ ಬಂತು. ಮುಂಬೈಯವರು ಮಾತಾಡಿದರು, ಗುಜರಾತಿನವರು ಮಾತಾಡಿದರು. ಬಂದರು, ರಸ್ತೆ, ಕಾರ್ಖಾನೆ. ಎದುರಿಗೆ ಒಕ್ಕೂಟದ ಐದು ಜನ ಅಧಿಕಾರಿಗಳು, ನಡುವೆ ಒಬ್ಬ ಹಿರಿಯರು. ನಾನು ಎದ್ದು ಪತ್ರ ಓದಿದೆ, ಐದನೆಯ ಸಾಲು ಸಮೇತ.

ಹಿರಿಯರು ಕನ್ನಡಕ ತೆಗೆದು ಕೇಳಿದರು. ನಿಮ್ಮಂಥ ಸಣ್ಣ ಮಿಲ್ಲುಗಳಿಗೆಂದು ನಮ್ಮ ರೈತರು ಬೇರೆ ತೆಗೆದಿಟ್ಟರೆ ನೀವು ಪ್ರತಿ ವರ್ಷ ಬರುತ್ತೀರಾ? ಇಂಥದೇ ಪ್ರಶ್ನೆಗೆ ನನಗಿಂತ ಮುಂಚಿನವರೆಲ್ಲ, ಬರುತ್ತೇವೆ, ಎಷ್ಟಿದ್ದರೂ ತರುತ್ತೇವೆ ಎಂದಿದ್ದರು.

ನಾನು ಹಿಂದಿನ ಸಾಲಿನ ಕಡೆ ನೋಡಿದೆ. ಕಾಕಾನಿಗೆ ಇಂಗ್ಲಿಷ್ ಬರುವುದಿಲ್ಲ. ಪ್ರಶ್ನೆ ಏನಿರಬಹುದು ಎಂದು ತಿಳಿದಿತ್ತು ಅನಿಸುತ್ತದೆ, ಸಣ್ಣಗೆ ತಲೆ ಅಡ್ಡ ಆಡಿಸಿದರು.

“ಪ್ರತಿ ವರ್ಷ ಎಂದು ಹೇಳಲಾರೆ,” ಅಂದೆ ಇಂಗ್ಲಿಷಿನಲ್ಲಿ. “ನಮ್ಮಲ್ಲಿ ಬೆಳೆ ಚೆನ್ನಾಗಿ ಬಂದ ವರ್ಷ ನಮಗೆ ಬೇಕಾಗುವುದಿಲ್ಲ. ಐದನೆಯ ಸಾಲು ತಪ್ಪು, ಅದನ್ನು ಬರೆದವಳು ನಾನು.”

ಸಾಹೇಬರು ಪೆನ್ನಿನ ಮುಚ್ಚಳ ಹಾಕಿದರು. ಹಿರಿಯ ಅಧಿಕಾರಿ ಏನೋ ಬರೆದುಕೊಂಡು, ಧನ್ಯವಾದ, ಮುಂದಿನವರು ಎಂದರು.

ಕೊನೆಗೆ ಒಕ್ಕೂಟದವರು ಕಳಿಸಿದ ವರದಿಯಲ್ಲಿ ಸಣ್ಣ ಮಿಲ್ಲುಗಳ ಮಾತೇ ಇರಲಿಲ್ಲ. ನಾನು ಎರಡು ಸಲ ಹುಡುಕಿದೆ. ವಾಪಸ್ ಬರುವಾಗ ಸಾಹೇಬರು ನನ್ನ ಜೊತೆ ಮಾತಾಡಲಿಲ್ಲ, ಮಾಣಿಕರಾವ್ ಇಬ್ಬರ ಪಾಲಿನದ್ದೂ ಮಾತಾಡಿದರು.

ಮತ್ತೆ ಹುಮನಾಬಾದ್

ಕಟ್ಟಿದ ರಾಶಿ ಬಂತು. ದೀಪಾವಳಿಗೆ ನಾಲ್ಕು ದಿನ ಮುಂಚೆ, ಒಂದು ಕಂಟೇನರ್. ಅದು ಬರುವುದಕ್ಕೆ ಯಾರ್ಯಾರ ಕೈಕಾಲು ಹಿಡಿದೆವು ಎಂಬುದನ್ನು ಬರೆಯುವುದಿಲ್ಲ. ಕಾಳು ದಪ್ಪ, ಸಿಪ್ಪೆ ಗಟ್ಟಿ. ಸಿಪ್ಪೆ ಬಿಡಲೆಂದು ಎಣ್ಣೆ ಹಚ್ಚಿ ನಾದಿ ನಾದಿ ಕೈ ಸೋತವು ಎಂದು ಹೆಣ್ಣುಮಕ್ಕಳು ಬೈದರು. ಹನ್ನೊಂದರಲ್ಲಿ ಮೂವರು ಅಷ್ಟರಲ್ಲೇ ಹೈದರಾಬಾದಿಗೆ ಹೋಗಿ ಆಗಿತ್ತು. ಉಳಿದ ಎಂಟು ಜನ ಎಳ್ಳಮಾಸಿವರೆಗೆ ಕೆಲಸ ಮಾಡಿದರು.

ಆ ಎಳ್ಳಮಾಸಿಗೆ ನಮ್ಮ ಕಡೆ ತೊಗರಿ ಅಂಥಿಂಥದ್ದಲ್ಲ, ಮನೆ ತುಂಬ ಬಂತು. ಮರು ವರ್ಷದ ಗಣೇಶ ಚೌತಿಗೂ ಮಿಲ್ಲುಗಳಲ್ಲಿ ಮಾಲಿತ್ತು. ಘಾಟಬೋರಾಳದ ಮನೆಯಲ್ಲಿ ಅಣ್ಣನ ಚೀಲಗಳು ಗೋಡೆಗೆ ಒರಗಿ ಕೂತಿದ್ದವು. ಆ ಹೊತ್ತಿನಲ್ಲಿ ಸಂಘದ ಆಫೀಸಿಗೆ ಒಂದು ಫ್ಯಾಕ್ಸ್ ಬಂತು. ಇಂಗ್ಲಿಷಿನಲ್ಲಿ ಯಾರಿಂದಲೋ ಬರೆಸಿದ್ದು, ಕೆಳಗೆ ಮಾಮಾ ನೇಮಾ ಎಂದಿತ್ತು. ಒಕ್ಕಣೆ ಇಷ್ಟೇ: ಕಾಕಾನ ಮೂಲೆ ತುಂಬಿದೆ. ಮುಂಬೈಯವರು ಬಂದು ಆ ರಾಶಿ ಕೇಳಿದರು. ಕಟ್ಟಿದ್ದಾರೆ ಎಂದು ಹೇಳಿ ಕಳಿಸಿದೆವು. ನಿಮ್ಮ ಲಾರಿ ಯಾವಾಗ ಬರುತ್ತದೆ?

ಮಿಲ್ಲಿಗೆ ಹೋಗಿ ಕಾಕಾನಿಗೆ ಓದಿ ಹೇಳಿದೆ. ಮಾಣಿಕರಾವ್ ಅಲ್ಲೇ ಕೂತಿದ್ದರು.

ನಮ್ಮಲ್ಲಿ ಕಟ್ಟಿದ ಹಿಡಿಯ ಆಯುಷ್ಯ ಆ ರಾಶಿಯ ತೂಕ ಆಗುವವರೆಗೆ ಮಾತ್ರ. ತೂಕ ಆಯಿತು, ಗಂಟು ಬಿಚ್ಚಿದರು, ಮುಗಿಯಿತು. ಎಲ್ಲರಿಗೂ ಗೊತ್ತಿರುವ ಮಾತು, ಆದ್ದರಿಂದ ಯಾರೂ ಯಾರಿಗೂ ಹೇಳುವುದಿಲ್ಲ. ಕಾಕಾನೂ ಹೇಳಿರಲಿಲ್ಲ.

“ಹೋದ ವರ್ಷಕ್ಕ ಮುಗದದ ಅಂತ ಬರೀರಿ ಅಕ್ಕೋರ,” ಅಂದರು ಮಾಣಿಕರಾವ್. “ಆಕಿ ತಪ್ಪು ತಿಳ್ಕೊಂಡ್ರ ಕಾಕಾ ಏನ್ ಮಾಡ್ಬೇಕು?”

“ತಪ್ಪು ಆಕಿದಲ್ಲ. ಎಷ್ಟು ದಿನದ್ದು ಅಂತ ನಾ ಎಲ್ಲಿ ಹೇಳೀನಿ?”

“ಈಗ ತರ್ಸಿದ್ರ ಪ್ಯಾಟ್ಯಾಗ ಮಂದಿ ನಗ್ತಾರ್ರಿ. ಊರ ತೊಗರೀನೇ ಕೊಳಿಯಾಕತ್ತದ.”

“ನಗ್ಲಿ. ಆಕಿ ಬಾಗಿಲಿಗೆ ಬಂದ ಗಿರಾಕಿನ್ನ ಹಿಂದ ಕಳಿಸ್ಯಾಳ, ನನ್ನ ಮಾತಿನ ಮ್ಯಾಲ.” ಕಾಕಾ ನನ್ನ ಕಡೆ ತಿರುಗಿದರು. “ಬರಿ ತಂಗಿ. ಲಾರಿ ಬರ್ತದ ಅಂತ ಬರಿ.”

ಇದು ಅಣ್ಣನ ಕಿವಿಗೆ ಬಿದ್ದರೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಹಾಗೇ ಆಯಿತು, ಎರಡು ವರ್ಷ ಅವನು ಕಾಕಾನ ಮಿಲ್ಲಿಗೆ ತೊಗರಿ ಹಾಕಲಿಲ್ಲ, ನನ್ನ ಮನೆಯ ಹಬ್ಬದೂಟಕ್ಕೂ ಬರಲಿಲ್ಲ. ಅವನ ಸಿಟ್ಟಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ.

ನಾನು ಕಾಗದ ತೆಗೆದು ಕಾಕಾ ಹೇಳಿದಂತೆ ಬರೆದೆ. ಬರೆದು ಕೇಳಿದೆ:

“ಇನ್ನ ಮುಂದ ಇಡಬ್ಯಾಡ್ರಿ, ಇಲ್ಲಿಗೆ ಮುಗೀತು ಅಂತನೂ ಇದ್ರಾಗ ಬರೀಲ್ಯಾ ಕಾಕಾ?”

ಕಾಕಾ ಹೆಗಲ ಮೇಲಿನ ಟವೆಲ್ ಇಳಿಸಿ ತೊಡೆಯ ಮೇಲೆ ಇಟ್ಟುಕೊಂಡರು. ಒಳಗೆ ಹೆಣ್ಣುಮಕ್ಕಳು ಬೇಳೆ ಕೇರುವ ಸದ್ದು ಬರುತ್ತಿತ್ತು.

“ಅದು ಕಾಗದದಾಗ ಬರಿಯೂ ಮಾತಲ್ಲ,” ಅಂದರು. “ಹೋಗಿ ಎದುರಿಗಿ ನಿಂತು ಹೇಳ್ಬೇಕಾಗ್ತದ. ಆ ನನ್ನ ಪಾಸ್‌ಪೋರ್ಟಿನ ನೀಲಿ ಬುಕ್ಕ ಎಲ್ಲದ ನೋಡು, ಅದ್ರಾಗ ಠಸ್ಸೆ ಹೊಡಿಯಾಕ ಇನ್ನಾ ಹಾಳಿ ಉಳದಾವೇನು.”